ಪುಸ್ತಕಕ್ಕೆ ಜಾಗ ಸಿಕ್ಕಿತು, ಓದುವವರಿಗೆ?

ಕಾಲೇಜಿನ ಲೈಬ್ರರಿ ಕಟ್ಟಡ ರಿಪೇರಿಗೆ ಬಂದಿದೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ. ‘ಅಷ್ಟೂ ಪುಸ್ತಕ ಎಲ್ಲಿಡ್ತೀರಿ?’ ಪ್ರಿನ್ಸಿಪಾಲರು ಅದನ್ನೇ ಕೇಳುತ್ತಾರೆ, ಆಡಳಿತ ಮಂಡಳಿಯವರೂ ಅದನ್ನೇ ಕೇಳುತ್ತಾರೆ, ಕಂಟ್ರಾಕ್ಟರಂತೂ ಮೊದಲ ದಿನವೇ ‘ಹಾಲ್ ಯಾವಾಗ ಖಾಲಿ ಮಾಡಿಕೊಡ್ತೀರಿ’ ಅಂತ ಬಾಗಿಲಲ್ಲಿ ನಿಂತಿರುತ್ತಾರೆ. ನಮ್ಮಲ್ಲೂ ಹೀಗೇ ಆಯಿತು. ಪ್ರಶ್ನೆ ತಪ್ಪೇನಲ್ಲ. ಆದರೆ ಅದು ಎರಡನೆಯದು. ಮೊದಲು ಕೇಳಬೇಕಾದ್ದು, ನಾಳೆ ಬೆಳಿಗ್ಗೆ ಹಳ್ಳಿ ಬಸ್ಸಿಳಿದು ಬರುವ ಹುಡುಗಿ ಎಲ್ಲಿ ಕೂತು ಓದುತ್ತಾಳೆ ಅಂತ. ಇದನ್ನು ಮೊದಲು ಇತ್ಯರ್ಥ ಮಾಡಿಕೊಂಡರೆ ಪುಸ್ತಕ ಎಲ್ಲಿಡಬೇಕು, ಯಾವುದನ್ನು ಕಟ್ಟಿಡಬೇಕು, ಯಾವುದನ್ನು ಕೈಗೆ ಸಿಗುವ ಹಾಗೆ ಬಿಡಬೇಕು ಅನ್ನುವುದೆಲ್ಲ ತಾನಾಗಿ ಸರಿಹೋಗುತ್ತದೆ. ಉಲ್ಟಾ ಹೊರಟರೆ ಪುಸ್ತಕ ಕ್ಷೇಮವಾಗಿರುತ್ತದೆ, ಲೈಬ್ರರಿ ಮಾತ್ರ ಇರುವುದಿಲ್ಲ.

ನಮ್ಮದು ಮಲೆನಾಡಿನ ಸೆರಗಿನಲ್ಲಿರುವ ಊರು, ಅನುದಾನಿತ ಡಿಗ್ರಿ ಕಾಲೇಜು. ಅಲ್ಲಿ ಲೈಬ್ರರಿ ನೋಡಿಕೊಳ್ಳುವವಳು ನಾನು. ಲೈಬ್ರರಿ ಇದ್ದದ್ದು ಹಳೆಯ ಹೆಂಚಿನ ಕಟ್ಟಡದಲ್ಲಿ. ಪಕಾಸು, ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಜೋರು ಮಳೆ ಹಿಡಿದರೆ ನಾಲ್ಕೈದು ಕಡೆ ಸೋರುತ್ತಿತ್ತು. ಜೂನ್ ಬಂತೆಂದರೆ ರ್‍ಯಾಕುಗಳ ಮೇಲೆ ಟಾರ್ಪಾಲು ಹೊದಿಸಿ, ಕೆಳಗೆ ಬಕೆಟ್ ಇಟ್ಟು, ಮಧ್ಯದ ಒಣ ಜಾಗಕ್ಕೆ ಮೇಜು ಎಳೆದುಕೊಳ್ಳುವುದು ರೂಢಿಯಾಗಿತ್ತು. ವೈರಿಂಗ್ ಕೂಡ ತೀರ ಹಳೆಯದು. ರಿಪೇರಿ ಆಗಲೇಬೇಕಿತ್ತು, ದುಡ್ಡು ಬಂದದ್ದು ನಮ್ಮ ಪುಣ್ಯ.

ಮೀಟಿಂಗ್‌ನಲ್ಲಿ ಒಬ್ಬರು ಹಿರಿಯರು ಹೇಳಿದರು, ‘ಒಂದು ಸೆಮಿಸ್ಟರ್ ಮುಚ್ಚಿಬಿಡಿ ಮೇಡಂ. ಈಗ ಎಲ್ಲಾ ಮೊಬೈಲಲ್ಲೇ ಸಿಗುತ್ತಲ್ಲ.’ ಅವರು ಸಲಹೆ ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ. ಮುಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ, ಖರ್ಚು ಕಮ್ಮಿ, ಅಪಾಯವೂ ಕಮ್ಮಿ. ಇದರಲ್ಲಿ ಒಂದೂ ಸುಳ್ಳಲ್ಲ.

ಆದರೆ ಮುಚ್ಚಿದರೆ ಎಲ್ಲರಿಗೂ ಒಂದೇ ಸಮ ನಷ್ಟ ಆಗುವುದಿಲ್ಲ. ನನಗೆ ಹೇಳಲಿಕ್ಕಿರುವುದು ಇದೇ. ಊರೊಳಗೇ ಮನೆ ಇದ್ದು, ಓದಲು ಒಂದು ಕೋಣೆ, ಲ್ಯಾಪ್‌ಟಾಪು, ಅಪ್ಪನ ವೈಫೈ ಇರುವ ಹುಡುಗನಿಗೆ ಲೈಬ್ರರಿ ಮುಚ್ಚಿದ್ದು ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಬೇರೆಯವರಿಗೆ. ನಮ್ಮಲ್ಲಿ ಎಷ್ಟೋ ಹಳ್ಳಿಗಳಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಮಧ್ಯಾಹ್ನ ಕ್ಲಾಸ್ ಮುಗಿದರೆ ನಾಲ್ಕೂವರೆ ಬಸ್ಸಿನವರೆಗೆ ಈ ಮಕ್ಕಳು ಎಲ್ಲಿರಬೇಕು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾದ ಮೇಲೆ ದೂರದಿಂದ ದಿನವೂ ಓಡಾಡಿ ಓದುವ ಹುಡುಗಿಯರು ನಮ್ಮ ಕಣ್ಣಿಗೇ ಜಾಸ್ತಿ ಕಾಣುತ್ತಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಮೂರು ತಾಸು ಕೂರಲು ಅವರಿಗೆ ಮನಸ್ಸಿಲ್ಲ, ಮನೆಯವರಿಗೆ ಧೈರ್ಯವಿಲ್ಲ. ಅವರು ಬರುವುದು ಲೈಬ್ರರಿಗೆ. ಡಬ್ಬಿ ಊಟ ಹೊರಗಿನ ಕಟ್ಟೆಯಲ್ಲಿ ಮುಗಿಸಿ ಒಳಗೆ ಬಂದು ಕೂರುತ್ತಾರೆ. ನೋಟ್ಸ್ ಬರೆಯುತ್ತಾರೆ, ಕೆಲವರು ಮೇಜಿನ ಮೇಲೆ ತಲೆ ಇಟ್ಟು ಅರ್ಧ ಗಂಟೆ ಮಲಗುತ್ತಾರೆ. ಮಲಗಲಿ. ಬೆಳಿಗ್ಗೆ ಐದಕ್ಕೆದ್ದು ಹಾಲು ಕರೆದು ಡೈರಿಗೆ ಹಾಕಿ ಬಂದವರು ಅವರು.

ಇನ್ನೊಂದು ಗುಂಪು ಡಿಗ್ರಿ ಮುಗಿಸಿ ಹೋದ ನಮ್ಮ ಹಳೆಯ ವಿದ್ಯಾರ್ಥಿಗಳದ್ದು. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪೊಲೀಸ್ ಅಂತ ಸರಕಾರಿ ಕೆಲಸದ ಪರೀಕ್ಷೆಗಳಿಗೆ ತಯಾರಿ ಮಾಡುವವರು. ಮನೆಯಲ್ಲಿ ಕೂತರೆ ‘ಇನ್ನೂ ಎಷ್ಟು ವರ್ಷ ಓದ್ತೀಯಾ’ ಅನ್ನುವ ಮಾತು. ಇಲ್ಲಿ ಕೂತರೆ ಆ ಮಾತಿಲ್ಲ. ಇವರಿಗೆ ನಮ್ಮಿಂದ ಬೇಕಾದ ಪುಸ್ತಕ ಹತ್ತೋ ಹದಿನೈದೋ ಇರಬಹುದು. ಅದಕ್ಕಿಂತ ಹೆಚ್ಚಾಗಿ ಬೇಕಾದ್ದು ಒಂದು ಕುರ್ಚಿ, ಒಂದು ಫ್ಯಾನು, ಪಕ್ಕದಲ್ಲಿ ಓದುತ್ತಿರುವ ಇನ್ನೊಬ್ಬರು.

ಹಾಗಾಗಿ ನಾನು ಮೀಟಿಂಗ್‌ನಲ್ಲಿ ಕೇಳಿದ್ದು ಇಷ್ಟೇ. ಮನೆಗೆ ಸುಣ್ಣ ಬಳಿಸುವಾಗಲೂ ಒಲೆ ಹಚ್ಚಲೇಬೇಕಲ್ಲ ಸರ್, ಒಂದು ಮೂಲೆಯಲ್ಲಾದರೂ ಅಡುಗೆ ಆಗಬೇಕಲ್ಲ. ನಮಗೆ ಆ ಮೂಲೆ ಯಾವುದು ಅಂತ ಮೊದಲು ಗೊತ್ತು ಮಾಡಿ.

ಇಂಥ ಕೆಲಸ ದೊಡ್ಡ ಲೈಬ್ರರಿಗಳಲ್ಲಿ ಹೇಗೆ ಮಾಡಿದರು ಅಂತ ಆ ದಿನಗಳಲ್ಲಿ ತುಂಬಾ ಹುಡುಕಿ ಓದಿದೆ. ಮುಖ್ಯವಾಗಿ ಎರಡು ದಾರಿ ಕಂಡವು. ಒಂದು ಆಕ್ಸ್‌ಫರ್ಡಿನದ್ದು. ಅಲ್ಲಿನ ಬೋಡ್ಲಿಯನ್ ಲೈಬ್ರರಿಯವರು 1930ರ ದಶಕದಲ್ಲಿ ಕಟ್ಟಿದ ತಮ್ಮ ‘ನ್ಯೂ ಬೋಡ್ಲಿಯನ್’ ಕಟ್ಟಡವನ್ನು 2011ರಲ್ಲಿ ಪೂರ್ತಿ ಮುಚ್ಚಿದರು. ಅದಕ್ಕೂ ಮೊದಲು, 2010ರಲ್ಲಿ, ಸ್ವಿಂಡನ್ ಅನ್ನುವ ಇನ್ನೊಂದು ಊರಿನ ಹತ್ತಿರ ದೊಡ್ಡದೊಂದು ಉಗ್ರಾಣ ಕಟ್ಟಿಸಿ, ಸುಮಾರು 70 ಲಕ್ಷ ಪುಸ್ತಕ-ನಕ್ಷೆಗಳಿಗೆ ಒಂದೊಂದಕ್ಕೂ ಬಾರ್‌ಕೋಡ್ ಅಂಟಿಸಿ ಅಲ್ಲಿಗೆ ಸಾಗಿಸಿದರು. ಓದುವವರು ಕೇಳಿದ್ದನ್ನು ವ್ಯಾನಿನಲ್ಲಿ ಊರಿಗೆ ತರಿಸಿ ಕೊಡುವ ವ್ಯವಸ್ಥೆ. ಅಪರೂಪದ ಗ್ರಂಥಗಳನ್ನು ನೋಡುವವರಿಗೆ ವಿಶ್ವವಿದ್ಯಾಲಯದ ವಿಜ್ಞಾನ ಲೈಬ್ರರಿಯ ನೆಲಮಾಳಿಗೆಯಲ್ಲಿ ಬೇರೆ ಕೋಣೆ ಮಾಡಿಕೊಟ್ಟರು. 2015ರ ಮಾರ್ಚ್‌ನಲ್ಲಿ ಅದೇ ಕಟ್ಟಡ ವೆಸ್ಟನ್ ಲೈಬ್ರರಿ ಅನ್ನುವ ಹೆಸರಲ್ಲಿ ಜನರಿಗೆ ತೆರೆಯಿತು.

ಇನ್ನೊಂದು ದಾರಿ ಪ್ಯಾರಿಸಿನದ್ದು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಹಳೆಯ ರಿಶ್ಲಿಯು ಕಟ್ಟಡವನ್ನು ಅವರು ಎರಡು ಭಾಗ ಮಾಡಿಕೊಂಡರು. ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ಓದು. ಮೊದಲ ಭಾಗ ಮುಗಿದದ್ದು 2016ರ ಕೊನೆಗೆ. ಆಮೇಲೆ ಓದುವವರನ್ನು ಅಲ್ಲಿಗೆ ಕರೆದು ಇನ್ನರ್ಧಕ್ಕೆ ಕೈ ಹಾಕಿದರು. ಪೂರ್ತಿ ತೆರೆದದ್ದು 2022ರಲ್ಲಿ. ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಆದರೂ ಆ ಜಾಗ ಪೂರ್ತಿ ಬಾಗಿಲು ಹಾಕಲಿಲ್ಲ.

ನಮಗೆ ಸ್ವಿಂಡನ್ ಇಲ್ಲ, ವ್ಯಾನೂ ಇಲ್ಲ. ಆದರೆ ಎರಡೂ ಕಡೆಯಿಂದ ಒಂದೊಂದು ವಿಷಯ ತೆಗೆದುಕೊಳ್ಳಬಹುದಿತ್ತು. ಪ್ಯಾರಿಸಿನಿಂದ ಅರ್ಧ ಅರ್ಧ ಮಾಡುವುದು. ಆಕ್ಸ್‌ಫರ್ಡಿನಿಂದ, ಪುಸ್ತಕ ಕದಲುವ ಮೊದಲೇ ಅದರ ಗುರುತು ಪಕ್ಕಾ ಮಾಡುವುದು. ನಮ್ಮ ಕಟ್ಟಡದ ಮಧ್ಯೆ ಹೇಗೂ ಒಂದು ಗೋಡೆ ಇತ್ತು, ಆಚೆಗೆ ಸ್ಟಾಕ್, ಅಂದರೆ ಪುಸ್ತಕ ಜೋಡಿಸಿಡುವ ಕೋಣೆ, ಈಚೆಗೆ ಓದುವ ಹಾಲ್. ಮೊದಲು ಸ್ಟಾಕ್ ಕಡೆಯ ಮಾಡು, ಅದು ಮುಗಿದ ಮೇಲೆ ಹಾಲ್ ಕಡೆಯದು ಅಂತ ತೀರ್ಮಾನವಾಯಿತು. ಮೊದಲ ಹಂತ ಮಳೆಗಾಲ ಶುರುವಾಗುವ ಮೊದಲೇ ಮುಗಿಯಬೇಕು. ಹೆಂಚು ಬಿಚ್ಚಿದ ಮಾಡಿನ ಕೆಳಗೆ ಮಲೆನಾಡಿನ ಜೂನ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪುಸ್ತಕ ಎಲ್ಲಿಡುವುದು ಅನ್ನುವ ಆ ಎರಡನೇ ಪ್ರಶ್ನೆ. ಮೇಲಿನ ಮಹಡಿಯಲ್ಲಿ ಎರಡು ಕ್ಲಾಸ್‌ರೂಮ್ ಖಾಲಿ ಇದ್ದವು. ‘ಎಲ್ಲಾ ಅಲ್ಲಿಗೆ ಸಾಗಿಸಿ ಪೇರಿಸಿಬಿಡಿ’ ಅಂದರು. ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಇದು ಎಷ್ಟೋ ಕಾಲೇಜುಗಳಲ್ಲಿ ಯಾರೂ ಯೋಚಿಸದೆ ಮಾಡಿಬಿಡುವ ಕೆಲಸ. ಪುಸ್ತಕದ ಭಾರ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ. ನಮ್ಮ ದೇಶದಲ್ಲಿ ಕಟ್ಟಡಗಳಿಗೆ ಹಾಕುವ ಲೆಕ್ಕ, ಐಎಸ್ 875ರ ಎರಡನೇ ಭಾಗ, ಕ್ಲಾಸ್‌ರೂಮಿನ ನೆಲಕ್ಕೆ ಚದರ ಮೀಟರಿಗೆ 3 ಕಿಲೋನ್ಯೂಟನ್ ಹೊರೆ ಹಿಡಿಯುತ್ತದೆ, ಅಂದರೆ ಸುಮಾರು 300 ಕೆಜಿ. ಲೈಬ್ರರಿ ಸ್ಟಾಕ್ ರೂಮಿಗೆ ಅದೇ ಲೆಕ್ಕ 6 ಕಿಲೋನ್ಯೂಟನ್, ಅದೂ 2.2 ಮೀಟರ್ ಎತ್ತರದವರೆಗೆ ಮಾತ್ರ. ಅದಕ್ಕಿಂತ ಎತ್ತರ ಹೋದರೆ ಪ್ರತಿ ಮೀಟರಿಗೆ ಇನ್ನೂ 2 ಸೇರಿಸಬೇಕು. ಪಾಠ ಕೇಳಲು ಮಕ್ಕಳು ಕೂರುವ ಕೋಣೆಗೂ ಪುಸ್ತಕದ ರ್‍ಯಾಕ್ ನಿಲ್ಲುವ ಕೋಣೆಗೂ ಎರಡು ಪಟ್ಟು ವ್ಯತ್ಯಾಸ. ರ್‍ಯಾಕಿನಲ್ಲಿದ್ದರೆ ನಡುವೆ ಓಡಾಡುವ ದಾರಿಯಾದರೂ ಖಾಲಿ ಇರುತ್ತದೆ. ಕಟ್ಟು ಕಟ್ಟಿ ಗೋಡೆಯಿಂದ ಗೋಡೆಗೆ ಪೇರಿಸಿದರೆ ಅದೂ ಇಲ್ಲ. ಕೆಳಗಿನ ಕೋಣೆಯಲ್ಲಿ ಮಕ್ಕಳು ಪಾಠ ಕೇಳುತ್ತಿರುತ್ತಾರೆ. ನಮ್ಮ ಎಂಜಿನಿಯರ್ ಬಂದು ನೋಡಿ, ಮೇಲೆ ಬೇಡ ಅಂತ ಒಂದೇ ಮಾತಿನಲ್ಲಿ ಹೇಳಿದರು. ನೆಲಮಟ್ಟದಲ್ಲೇ ಇದ್ದ ಹಳೆಯ ಕ್ರೀಡಾ ಕೋಣೆ, ಅದರ ಪಕ್ಕದ ಎನ್‌ಎಸ್‌ಎಸ್ ಕೋಣೆ ಸಿಕ್ಕವು. ಕ್ರಿಕೆಟ್ ಮ್ಯಾಟು, ಹೈಜಂಪ್ ಕಂಬ, ಹಾರೆ ಗುದ್ದಲಿ ಎಲ್ಲ ಹೊರಗೆ ಹೋದವು.

ಎಲ್ಲ ಪುಸ್ತಕ ಕೈಗೆ ಸಿಗುವ ಹಾಗೆ ಇಡಲು ಆಗುವುದಿಲ್ಲ. ಹಾಗಾದರೆ ಯಾವುದನ್ನು ಇಡಬೇಕು? ಇದನ್ನು ಊಹೆಯ ಮೇಲೆ ಮಾಡಬಾರದು. ಲೈಬ್ರರಿಯ ಲೆಕ್ಕವೆಲ್ಲ ಇರುವ ನಮ್ಮ ಸಾಫ್ಟ್‌ವೇರ್ ಕೋಹಾದಲ್ಲಿ ಹಿಂದಿನ ಮೂರು ವರ್ಷಗಳ ಇಶ್ಯೂ ರಿಪೋರ್ಟ್ ತೆಗೆದೆವು. ಒಂದು ಸಲವೂ ಹೊರಗೆ ಹೋಗದ ಪುಸ್ತಕಗಳು ಎಷ್ಟಿವೆ ಅಂತ ನೋಡಿದರೆ ಎಂಥವರಿಗೂ ಬೇಸರವಾಗುತ್ತದೆ. ಆದರೆ ಆ ಹೊತ್ತಿಗೆ ಅದು ಉಪಕಾರಕ್ಕೇ ಬಂತು, ಅವೆಲ್ಲ ನೇರ ಕಟ್ಟಿಗೆ ಹೋದವು. ರಿಪೋರ್ಟ್ ಮಾತ್ರ ನಂಬಿದರೂ ಸಾಲದು. ಆ ವರ್ಷ ನಮ್ಮಲ್ಲಿ ಎರಡು ಸಿಲೆಬಸ್ ಒಟ್ಟಿಗೆ ನಡೆಯುತ್ತಿದ್ದವು. 2024-25ರಲ್ಲಿ ಸೇರಿದವರಿಗೆ ರಾಜ್ಯ ಶಿಕ್ಷಣ ನೀತಿಯದ್ದು, ಅವರಿಗಿಂತ ಹಿರಿಯ ಬ್ಯಾಚಿನವರಿಗೆ ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿಯದ್ದು. ಹಳೆಯ ರಿಪೋರ್ಟಿನಲ್ಲಿ ಹೊಸ ಸಿಲೆಬಸ್ಸಿನ ಪುಸ್ತಕ ಬರುವುದೇ ಇಲ್ಲವಲ್ಲ. ಹಾಗಾಗಿ ಪ್ರತಿ ವಿಭಾಗಕ್ಕೂ ಹೋಗಿ, ‘ಈ ಸೆಮಿಸ್ಟರಿಗೆ ಇದಿಲ್ಲದಿದ್ದರೆ ಆಗೋದೇ ಇಲ್ಲ ಅನ್ನುವ ಪುಸ್ತಕ ಬರೆದುಕೊಡಿ’ ಅಂತ ಕೂತು ಬರೆಸಿಕೊಂಡು ಬಂದೆ. ಕೆಲವರು ಅರ್ಧ ಹಾಳೆ ಕೊಟ್ಟರು. ಕನ್ನಡ ವಿಭಾಗದ ಮೇಡಂ ನಾಲ್ಕು ಪುಟ ಕೊಟ್ಟರು, ಅಷ್ಟೂ ಬೇಕು ಅಂದರು. ಅವರ ಮಾತು ಸರಿ ಇತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಟ್ಟು ಕಟ್ಟುವ ಕೆಲಸದ ಬಗ್ಗೆ ನಮ್ಮ ಅಟೆಂಡರ್ ಅವರ ಬಾಯಿಂದಲೇ ಕೇಳಬೇಕು. ಅವರಿಗೆ ಪ್ರತಿ ರ್‍ಯಾಕಿನ ಪ್ರತಿ ಅಡ್ಡ ಹಲಗೆಯೂ ಗೊತ್ತು. ಮೊದಲು ರ್‍ಯಾಕಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆದರು. ಆಮೇಲೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಕಾಲ್ ನಂಬರ್, ಅಂದರೆ ಪುಸ್ತಕದ ಜಾಗ ತೋರಿಸುವ ನಂಬರಿನ ಕ್ರಮ ತಪ್ಪದ ಹಾಗೆ ಪುಸ್ತಕ ತೆಗೆಯುತ್ತಾ ಹೋದರು. ಸಾಗಿಸಲು ಬಂದ ಹುಡುಗರು ಸೆಣಬಿನ ಹಗ್ಗ ಹಿಡಿದು ಜಗ್ಗಿ ಕಟ್ಟಲು ಹೊರಟಾಗ ತಡೆದರು. ಹಗ್ಗ ಬಿಗಿದರೆ ರಟ್ಟಿನ ಅಂಚು ಕೊಯ್ಯುತ್ತದೆ, ಹಳೆಯ ಪುಸ್ತಕದ ಬೆನ್ನೇ ಕಿತ್ತು ಬರುತ್ತದೆ. ಬದಲಿಗೆ ಅಗಲದ ಹತ್ತಿಯ ಲಾಡಿ ತರಿಸಿದೆವು, ಮೇಲೆ ಕೆಳಗೆ ಒಂದೊಂದು ರಟ್ಟಿನ ತುಂಡು. ಒಬ್ಬರು ಒಂದೇ ಕೈಯಲ್ಲಿ ಎತ್ತುವಷ್ಟೇ ಒಂದು ಕಟ್ಟು. ದಪ್ಪ ರೆಫರೆನ್ಸ್ ಪುಸ್ತಕಗಳು ಮಲಗಿಸಿದ ಹಾಗೇ ರಟ್ಟಿನ ಪೆಟ್ಟಿಗೆಗೆ. ಪ್ರತಿ ಕಟ್ಟಿಗೂ ಒಂದು ಚೀಟಿ. ಅದರಲ್ಲಿ ರ್‍ಯಾಕ್ ನಂಬರ್, ಹಲಗೆ ನಂಬರ್, ಮೊದಲ ಮತ್ತು ಕೊನೆಯ ಪುಸ್ತಕದ ಕಾಲ್ ನಂಬರ್. ಅದೇ ಚೀಟಿಯ ನಕಲು ನನ್ನ ಹತ್ತಿರ ಒಂದು ನೋಟ್‌ಬುಕ್ಕಿನಲ್ಲಿ. ಗೋಡೆಗೆ ಒಂದು ಕೈ ಜಾಗ ಬಿಟ್ಟು, ನೆಲದಿಂದ ಎತ್ತರಿಸಿ ಮರದ ಹಲಗೆ ಹಾಸಿ ಅದರ ಮೇಲೆ ಪೇರಿಸಿದ್ದು. ಗೆದ್ದಲಿಗೂ ಥಂಡಿಗೂ ನೆಲ-ಗೋಡೆಯೇ ದಾರಿ. ಗಾಳಿಯ ತೇವ 65-70 ಪರ್ಸೆಂಟ್ ದಾಟಿ ಹಾಗೇ ನಿಂತರೆ ಪುಸ್ತಕಕ್ಕೆ ಬೂಸು ಹಿಡಿಯಲು ಶುರುವಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಅದಕ್ಕಿಂತ ಕಮ್ಮಿ ಇರುವ ದಿನವೇ ಅಪರೂಪ.

ಪುಸ್ತಕ ಕದಲಿಸಿದ ದಿನವೇ ಕೋಹಾದಲ್ಲೂ ಕದಲಿಸಬೇಕು. ಇದು ನನ್ನ ಹಟವಾಗಿತ್ತು. ಒಂದಿಡೀ ರ್‍ಯಾಕಿನ ಬಾರ್‌ಕೋಡುಗಳನ್ನು ಒಂದೇ ಸಲ ಹಾಕಿ ಜಾಗ ಬದಲಿಸುವ ಸೌಲಭ್ಯ ಅದರಲ್ಲಿದೆ. ಸಂಜೆ ಒಬ್ಬರು ಕೂತರೆ ಆ ದಿನದ್ದು ಆ ದಿನವೇ ಮುಗಿಯುತ್ತದೆ. ಆಗ ಪುಸ್ತಕಗಳ ಆನ್‌ಲೈನ್ ಪಟ್ಟಿಯಾದ ಓಪ್ಯಾಕ್‌ನಲ್ಲಿ ಹುಡುಕಿದ ಹುಡುಗನಿಗೆ ‘ಕ್ರೀಡಾ ಕೋಣೆ, ಕೇಳಿದರೆ ಮಧ್ಯಾಹ್ನ ಸಿಗುತ್ತದೆ’ ಅಂತಲೋ, ‘ಕಟ್ಟಿನಲ್ಲಿದೆ, ರಿಪೇರಿ ಮುಗಿಯುವವರೆಗೆ ಸಿಗುವುದಿಲ್ಲ’ ಅಂತಲೋ ಕಾಣುತ್ತದೆ. ಇಲ್ಲ ಅನ್ನುವುದು ಗೊತ್ತಾದರೆ ಅವನು ಬೇರೆ ದಾರಿ ನೋಡಿಕೊಳ್ಳುತ್ತಾನೆ. ‘ಇರಬಹುದು, ನೋಡ್ತೀವಿ, ನಾಳೆ ಬಾ’ ಅನ್ನುವ ಉತ್ತರ ಎರಡು ಸಲ ಸಿಕ್ಕಿದರೆ ಮೂರನೇ ಸಲ ಅವನು ಬರುವುದೇ ಇಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುತ್ತದೆ. ಲೈಬ್ರರಿ ಸೈನ್ಸ್ ಓದಿದವರೆಲ್ಲ ಅದನ್ನು ಬಾಯಿಪಾಠ ಮಾಡಿರುತ್ತಾರೆ, ನಾನೂ ಮಾಡಿದ್ದೆ. ಅದರ ಪೂರ್ತಿ ತೂಕ ಗೊತ್ತಾಗುವುದು ಇಂಥ ಹೊತ್ತಿನಲ್ಲಿ.

ಕೇಳಿದ ಪುಸ್ತಕ ತಂದುಕೊಡಲು ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿದೆವು. ಬೆಳಿಗ್ಗೆ ಹನ್ನೊಂದು, ಮಧ್ಯಾಹ್ನ ಎರಡು. ಚೀಟಿ ಬರೆದು ಡಬ್ಬಕ್ಕೆ ಹಾಕಬಹುದು, ಇಲ್ಲವೇ ವಾಟ್ಸಾಪಿನಲ್ಲಿ ಓಪ್ಯಾಕ್ ಪುಟದ ಫೋಟೋ ಕಳಿಸಬಹುದು. ಎರಡು ಗಂಟೆ ಯಾಕೆಂದರೆ, ಆಮೇಲೆ ತಂದರೆ ನಾಲ್ಕೂವರೆ ಬಸ್ಸಿಗೆ ಹೋಗುವವರಿಗೆ ಓದಲು ಹೊತ್ತೇ ಉಳಿಯುವುದಿಲ್ಲ. ರಿಪೇರಿ ಮುಗಿಯುವವರೆಗೆ ಪುಸ್ತಕ ಇಟ್ಟುಕೊಳ್ಳುವ ಅವಧಿಯನ್ನೂ ಹೆಚ್ಚಿಸಿ, ದಂಡ ನಿಲ್ಲಿಸಿದೆವು. ಮಕ್ಕಳ ಮನೆಯಲ್ಲಿ ಇರುವಷ್ಟೂ ಪುಸ್ತಕ ನಾವು ಹೊರಬೇಕಾಗಿಲ್ಲವಲ್ಲ.

ಮೊಬೈಲಲ್ಲಿ ಎಲ್ಲಾ ಸಿಗುತ್ತದೆ ಅನ್ನುವ ಮಾತಿಗೆ ಬರುತ್ತೇನೆ. ಸಿಗುವುದು ನಿಜ. ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯ-ಕಾಲೇಜು ಲೈಬ್ರರಿಗಳನ್ನು ಜೋಡಿಸುವ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಎನ್-ಲಿಸ್ಟ್‌ಗೆ ಕಾಲೇಜು ಸೇರಿದ್ದರೆ ಆರು ಸಾವಿರಕ್ಕೂ ಹೆಚ್ಚು ಇ-ಜರ್ನಲ್‌ಗಳು, ಲಕ್ಷಕ್ಕೂ ಮೀರಿದ ಇ-ಪುಸ್ತಕಗಳು ತೆರೆದುಕೊಳ್ಳುತ್ತವೆ. ಥೀಸಿಸ್ ಬೇಕಾದರೆ ಶೋಧಗಂಗಾ ಇದೆ. ರಿಪೇರಿ ಶುರುವಾಗುವ ಮೊದಲೇ ಕ್ಲಾಸಿಂದ ಕ್ಲಾಸಿಗೆ ಹೋಗಿ ಎಲ್ಲರಿಗೂ ಲಾಗಿನ್ ಮಾಡಿಸಿದೆವು, ಅಲ್ಲೇ ಒಂದು ಪುಸ್ತಕ ತೆರೆದು ತೋರಿಸುವವರೆಗೆ ಬಿಡಲಿಲ್ಲ. ಕಾಮರ್ಸ್ ಮತ್ತು ಸೈನ್ಸ್ ಮಕ್ಕಳಿಗೆ ಅನುಕೂಲವಾಯಿತು. ಆದರೆ ಅದರಲ್ಲಿರುವುದು ಬಹುಪಾಲು ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದುವವರಿಗೆ, ಐಚ್ಛಿಕ ಕನ್ನಡ ತೆಗೆದುಕೊಂಡವರಿಗೆ ಬೇಕಾದ ವಿಮರ್ಶೆ, ನಡುಗನ್ನಡ ಕಾವ್ಯದ ಟೀಕೆ, ಶಾಸನ ಸಂಪುಟ, ಪಠ್ಯದ ಪುಸ್ತಕ ಅಲ್ಲಿ ಎಲ್ಲಿಂದ ಬರಬೇಕು? ಅದು ನಮ್ಮ ರ್‍ಯಾಕಿನಲ್ಲಿ ಮಾತ್ರ ಇರುತ್ತದೆ, ಎಷ್ಟೋ ಸಲ ಒಂದೇ ಪ್ರತಿ, ಮರುಮುದ್ರಣ ಕಾಣದ್ದು. ಕನ್ನಡ ಮೇಡಂ ಕೊಟ್ಟ ನಾಲ್ಕು ಪುಟದ ಪಟ್ಟಿಯನ್ನು ನಾನು ಒಂದು ಸಾಲೂ ಕತ್ತರಿಸದೆ ಒಪ್ಪಿಕೊಂಡದ್ದು ಇದಕ್ಕೇ. ಜಾಗ ಸಾಲದೆ ಏನಾದರೂ ಕಟ್ಟಿಗೆ ಹೋಗಬೇಕು ಅಂತಾದರೆ ಅಂತರ್ಜಾಲದಲ್ಲಿ ಸಿಗುವ ಇಂಗ್ಲಿಷ್ ಟೆಕ್ಸ್ಟ್‌ಬುಕ್ಕುಗಳು ಮೊದಲು ಹೋಗಲಿ, ಕನ್ನಡದ್ದು ಕೊನೆಗೆ.

ಎಲ್ಲಕ್ಕಿಂತ ಮೊದಲು ನಾವು ಜಾಗ ಮಾಡಿದ್ದು ದಿನಪತ್ರಿಕೆಗೆ. ಹೊರಗಿನ ಉದ್ದ ಜಗಲಿಯಲ್ಲಿ ಪೇಪರ್ ಸ್ಟ್ಯಾಂಡು, ಎರಡು ಬೆಂಚು. ಒಳಗೆ ಏನೇ ಗಲಾಟೆ ಇರಲಿ, ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಆ ದಿನದ ಪೇಪರ್ ಇರಬೇಕು. ಪೇಪರ್ ಇದ್ದರೆ ಲೈಬ್ರರಿ ನಡೆಯುತ್ತಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಬೋರ್ಡ್ ಬರೆದು ಹಾಕುವುದೇ ಬೇಡ. ಕೆಲಸಕ್ಕೆ ಕೊಪ್ಪಳ, ರಾಯಚೂರು ಕಡೆಯಿಂದ ಬಂದವರಿದ್ದರು. ಬುತ್ತಿ ಬಿಚ್ಚುವ ಹೊತ್ತಿಗೆ ಅವರಲ್ಲಿ ಒಂದಿಬ್ಬರು ಅದೇ ಬೆಂಚಿಗೆ ಬಂದು ಕೂರುತ್ತಿದ್ದರು. ಒಬ್ಬರು ‘ಅಕ್ಕಾರ, ನಮ್ಮ ಕಡಿ ಸುದ್ದಿ ಇದರಾಗ ಬರೂದಿಲ್ಲೇನ್ರಿ?’ ಅಂತ ಕೇಳಿದರು. ಬರುತ್ತಿರಲಿಲ್ಲ, ನಮಗೆ ಬರುವುದು ಈ ಕಡೆಯ ಆವೃತ್ತಿ. ಆಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಅವರ ಜಿಲ್ಲೆಯ ಇ-ಪೇಪರ್ ತೆಗೆದು ಎರಡು ಪುಟ ಪ್ರಿಂಟ್ ಹಾಕಿ ಅಲ್ಲೇ ಸಿಕ್ಕಿಸತೊಡಗಿದೆವು. ಹೀಗೆ ಪರಿಚಯವಾದದ್ದರಿಂದ ಇನ್ನೊಂದು ಒಳ್ಳೆಯದಾಯಿತು. ಕಲ್ಲು ಕೊಯ್ಯುವ ಮೆಷಿನ್ ಹಚ್ಚುವ ಮೊದಲು ಮೇಸ್ತ್ರಿ ಬಂದು ‘ಮೇಡಂ, ಈಗ ಹಚ್ಲೋ, ಊಟದ ಮ್ಯಾಲೆ ಹಚ್ಲೋ’ ಅಂತ ಕೇಳುತ್ತಿದ್ದರು.

ಶಬ್ದಕ್ಕಿಂತ ನನಗೆ ಹೆದರಿಕೆ ಇದ್ದದ್ದು ಬೆಂಕಿಯದು. ಜರ್ಮನಿಯ ವೈಮಾರ್ ಊರಿನ ಅನ್ನಾ ಅಮಾಲಿಯಾ ಲೈಬ್ರರಿಯ ಕಥೆ ಓದಿದವರಿಗೆ ನನ್ನ ಹೆದರಿಕೆ ಅರ್ಥವಾಗುತ್ತದೆ. 2004ರ ಸೆಪ್ಟೆಂಬರ್ 2ರ ರಾತ್ರಿ ಅಲ್ಲಿ ಬೆಂಕಿ ಬಿತ್ತು. ಸುಮಾರು 50,000 ಪುಸ್ತಕ ಪೂರ್ತಿ ಸುಟ್ಟುಹೋದವು. ಇನ್ನೂ 62,000ದಷ್ಟು ಬೆಂಕಿ-ನೀರಿಗೆ ಸಿಕ್ಕಿ ಹಾಳಾದವು. ಇನ್ನು ಕೆಲವೇ ವಾರಗಳಲ್ಲಿ ಆ ಪುಸ್ತಕಗಳು ನೆಲದಡಿಯ ಹೊಸ ಸ್ಟಾಕ್‌ಗೆ ಸಾಗಬೇಕಿತ್ತು, ಕಟ್ಟಡದ ರಿಪೇರಿಯೂ ಆಗಬೇಕಿತ್ತು. ಹಳೆಯ ಮರದ ಮಾಡು, ಹಳೆಯ ವೈರು, ಪುಸ್ತಕ ಇವೆಲ್ಲ ಒಂದೇ ಸೂರಿನಡಿ ಇರುವ ನಮ್ಮಂಥವರಿಗೆ ಇದು ದೂರದ ಸುದ್ದಿ ಅಲ್ಲ. ವೆಲ್ಡಿಂಗ್ ಇರುವ ದಿನ ಒಬ್ಬರು ನೀರು ಮರಳು ಇಟ್ಟುಕೊಂಡು ಅಲ್ಲೇ ಇರಬೇಕು, ಕೆಲಸ ನಿಂತ ಮೇಲೂ ಒಂದು ತಾಸು ಬಿಟ್ಟು ಹೋಗಬಾರದು, ರಾತ್ರಿ ಆ ಕಡೆಯ ಮೇನ್ ಆಫ್ ಅಂತ ಮಾಡಿದೆವು. ಪ್ರತಿ ಪುಸ್ತಕವೂ ದಾಖಲಾಗಿರುವ ಅಕ್ಸೆಷನ್ ರಿಜಿಸ್ಟರುಗಳು ಮೊದಲ ದಿನವೇ ಕಾಲೇಜು ಆಫೀಸಿನ ಕಬ್ಬಿಣದ ಬೀರುವಿಗೆ ಹೋದವು. ಕೋಹಾ ಸರ್ವರ್ ಧೂಳಿನಿಂದ ದೂರ ಕಂಪ್ಯೂಟರ್ ಲ್ಯಾಬಿಗೆ, ಅದರ ಬ್ಯಾಕಪ್ ದಿನವೂ ಬೇರೆ ಕಟ್ಟಡಕ್ಕೆ.

ಮೊದಲ ಹಂತದಲ್ಲಿ ಕಷ್ಟ ಆದದ್ದು ಇಂಟರ್ನಲ್ಸ್, ಅಂದರೆ ಕಾಲೇಜಿನ ಒಳಗಿನ ಪರೀಕ್ಷೆಯ ವಾರದಲ್ಲಿ. ನಮ್ಮಲ್ಲಿ ಓದುವವರು ದುಪ್ಪಟ್ಟಾಗುವ ವಾರ ಅದು. ಅದೇ ವಾರ ಆಚೆ ಕಡೆ ಗೋಡೆ ಒಡೆಯುವ ಕೆಲಸ ಬಿತ್ತು. ಕಂಟ್ರಾಕ್ಟರ್ ‘ನನ್ನ ಕರಾರಿನಲ್ಲಿ ಇಂಥಾ ಹೊತ್ತಿಗೆ ಮಾಡಬಾರದು ಅಂತ ಎಲ್ಲೂ ಇಲ್ಲ, ದಿನ ಹೋದರೆ ಕೂಲಿ ನನ್ನ ತಲೆ ಮೇಲೆ’ ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಕಾಗದದಲ್ಲಿ ಇಲ್ಲದ್ದನ್ನು ಅವರ ಒಳ್ಳೆಯತನದ ಮೇಲೆ ನಡೆಸಿಕೊಳ್ಳಬೇಕಾಯಿತು. ಪ್ರಿನ್ಸಿಪಾಲರು ಸೆಮಿನಾರ್ ಹಾಲ್ ಬಿಡಿಸಿಕೊಟ್ಟರು, ಮಕ್ಕಳು ಕುರ್ಚಿ ತಾವೇ ಹೊತ್ತುಕೊಂಡು ಹೋದರು, ಆ ವಾರ ಹೇಗೋ ಕಳೆಯಿತು.

ಎರಡನೇ ಹಂತಕ್ಕೆ, ಅಂದರೆ ಓದುವ ಹಾಲಿನ ಕೆಲಸಕ್ಕೆ, ಹೊಸ ಕರಾರು ಆಗುವಾಗ ನಾವು ಮೊದಲೇ ಕೂತು ಬರೆಸಿದೆವು. ಇಂತಿಷ್ಟು ಕುರ್ಚಿ ಹಾಕುವಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು. ಇಂಟರ್ನಲ್ಸ್ ಮತ್ತು ಸೆಮಿಸ್ಟರ್ ಪರೀಕ್ಷೆಯ ದಿನಗಳಲ್ಲಿ ಒಡೆಯುವ, ಕೊಯ್ಯುವ ಕೆಲಸ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಇಲ್ಲವೇ ಸಂಜೆ ಐದರ ಮೇಲೆ. ಓದುವ ಜಾಗದಿಂದ ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಸಾಮಾನು ಹಾಕುವಂತಿಲ್ಲ, ಅಲ್ಲಿ ದೀಪ ಇರಬೇಕು. ಕರೆಂಟ್ ತೆಗೆಯುವುದಿದ್ದರೆ ಹಿಂದಿನ ದಿನವೇ ಹೇಳಬೇಕು. ಸಿಮೆಂಟ್ ಮೂಟೆ, ಬಣ್ಣದ ಡಬ್ಬ ಪುಸ್ತಕದ ಕೋಣೆಯ ಹತ್ತಿರ ಇಡುವಂತಿಲ್ಲ. ಇದರಿಂದ ಮೊತ್ತ ಸ್ವಲ್ಪ ಜಾಸ್ತಿಯಾಯಿತು. ಆಡಳಿತ ಮಂಡಳಿಯವರು ಯಾಕೆ ಅಂತ ಕೇಳಿದಾಗ ಪ್ರಿನ್ಸಿಪಾಲರು ನನ್ನ ಕಡೆ ನೋಡಲಿಲ್ಲ, ತಾವೇ ಉತ್ತರ ಕೊಟ್ಟರು: ‘ಮಕ್ಕಳು ಕೂರಬೇಕಲ್ಲ.’ ಮುಚ್ಚಿಬಿಡಿ ಅಂದಿದ್ದ ಆ ಹಿರಿಯರೇ ಮೊದಲು ಸಹಿ ಹಾಕಿದರು.